ಹೋಮ್ಸ್‌ನನ್ನು ಕೊಂದು ಸೋತ ಡಾಕ್ಟರು: ಆರ್ಥರ್ ಕಾನನ್ ಡಾಯ್ಲ್

ಶೆರ್ಲಾಕ್ ಹೋಮ್ಸ್ ಯಾರಿಗೆ ಗೊತ್ತಿಲ್ಲ? ಒಂದು ಕಥೆಯನ್ನೂ ಓದದವರಿಗೂ ಆ ಹೆಸರು ಗೊತ್ತು. ಮನೆಯಲ್ಲಿ ಯಾರಾದರೂ ಸ್ವಲ್ಪ ಹೆಚ್ಚು ಕೆದಕಿ ಪ್ರಶ್ನೆ ಕೇಳಿದರೆ, ಬಂದ ನೋಡಿ ನಮ್ಮ ಶೆರ್ಲಾಕ್ ಹೋಮ್ಸ್ ಎಂದು ತಮಾಷೆ ಮಾಡುತ್ತೇವೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಓದುವ ನಮ್ಮ ಗಡಿನಾಡಿನಲ್ಲಂತೂ ಅವನ ಅಭಿಮಾನಿಗಳಿಗೆ ಕೊರತೆಯಿಲ್ಲ.

ಆದರೆ ಹೋಮ್ಸ್‌ನನ್ನು ಸೃಷ್ಟಿಸಿದವರ ಬದುಕು ಅಷ್ಟಾಗಿ ಪರಿಚಿತವಲ್ಲ. ಲೋಕ ಮೆಚ್ಚಿದ ಈ ಪಾತ್ರ ಅವರಿಗೇ ಬೇಡವಾಗಿತ್ತು. ಅವರು ಅವನನ್ನು ಕೊಂದರು, ಓದುಗರ ಒತ್ತಾಯಕ್ಕೆ ಮಣಿದು ಮತ್ತೆ ಬದುಕಿಸಿದರು. ಹಾಗಿದ್ದರೂ ಆ ಪಾತ್ರಕ್ಕೆ ಮಾತ್ರ ಕೊನೆಯವರೆಗೂ ದ್ರೋಹ ಮಾಡಲಿಲ್ಲ. ಈ ಸರಣಿಯನ್ನು ಮತ್ತೆ ಮತ್ತೆ ಓದುವ ಅಭಿಮಾನಿಗೆ ಅವರ ಮೇಲೆ ಗೌರವ ಹುಟ್ಟುವುದು ಇದೇ ಕಾರಣಕ್ಕೆ.

ಕುಡುಕ ತಂದೆ, ಕಥೆ ಹೇಳುವ ತಾಯಿ

ಆರ್ಥರ್ ಕಾನನ್ ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಚಾರ್ಲ್ಸ್ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ನೌಕರ. ಒಳ್ಳೆಯ ಚಿತ್ರಕಾರ, ಆದರೆ ಕುಡಿತಕ್ಕೆ ದಾಸ. ಕೊನೆಗೆ ಕೆಲಸ ಕಳೆದುಕೊಂಡು, ಮಾನಸಿಕ ಆಸ್ಪತ್ರೆ ಸೇರಿ, 1893ರಲ್ಲಿ ತೀರಿಕೊಂಡರು. ಸಂಸಾರದ ಭಾರವೆಲ್ಲ ತಾಯಿ ಮೇರಿಯ ಹೆಗಲಿಗೆ ಬಿತ್ತು. ಆಕೆ ಬಡತನದ ನಡುವೆಯೂ ಮಕ್ಕಳಿಗೆ ವೀರರ ಕಥೆಗಳನ್ನು ಸ್ವಾರಸ್ಯವಾಗಿ ಹೇಳುತ್ತಿದ್ದರು. ಮಗನೊಳಗೆ ಕಥೆಗಾರ ಹುಟ್ಟಿದ್ದು ಅಲ್ಲೇ.

1876ರಲ್ಲಿ ಡಾಯ್ಲ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ಅಲ್ಲಿ ಸಿಕ್ಕಿದ ಗುರು ಡಾ. ಜೋಸೆಫ್ ಬೆಲ್. ರೋಗಿ ಬಾಯಿ ಬಿಡುವ ಮೊದಲೇ ಅವನ ಕಸುಬು, ಊರು, ಅಭ್ಯಾಸಗಳನ್ನು ಹೇಳಿಬಿಡುವುದರಲ್ಲಿ ಇವರು ನಿಪುಣರು. ಡಾಯ್ಲ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಸಾಮಾನ್ಯ ಉಡುಪಿನಲ್ಲಿ ಬಂದ ಒಬ್ಬ ರೋಗಿಯನ್ನು ನೋಡಿದ ಕೂಡಲೇ ಬೆಲ್, ಅವನು ಈಚೆಗೆ ಸೈನ್ಯ ಬಿಟ್ಟವನೆಂದೂ ಬಾರ್ಬಡೋಸ್ ದ್ವೀಪದಲ್ಲಿದ್ದವನೆಂದೂ ಹೇಳಿದರು. ಹೇಗೆ? ಮನುಷ್ಯ ಮರ್ಯಾದಸ್ಥ, ಆದರೂ ಟೊಪ್ಪಿ ತೆಗೆಯಲಿಲ್ಲ. ಸೈನ್ಯದಲ್ಲಿ ಟೊಪ್ಪಿ ತೆಗೆಯುವ ಪದ್ಧತಿಯಿಲ್ಲ. ಇನ್ನು ಅವನಿಗಿದ್ದದ್ದು ಆನೆಕಾಲು ರೋಗ. ಅದು ಬ್ರಿಟನ್ನಿನ ಕಾಯಿಲೆಯಲ್ಲ, ವೆಸ್ಟ್ ಇಂಡೀಸ್ ಕಡೆಯದು! ಕಾರಣ ಕೇಳಿದ ಮೇಲೆ ಎಲ್ಲವೂ ಸುಲಭವೇ. ಹೋಮ್ಸ್‌ನ ಜಾಣ್ಮೆಯ ಬೇರು ಇದು.

ಓದಿನ ನಡುವೆ, 1880ರಲ್ಲಿ, ಡಾಯ್ಲ್ ತಿಮಿಂಗಿಲ ಬೇಟೆಯ ಹಡಗಿನಲ್ಲಿ ವೈದ್ಯರಾಗಿ ಉತ್ತರ ಧ್ರುವದ ಕಡಲಿಗೂ ಹೋಗಿಬಂದರು. 1882ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀಯಲ್ಲಿ ಸ್ವಂತ ದವಾಖಾನೆ ತೆರೆದರು. ರೋಗಿಗಳು ಹೆಚ್ಚು ಬರಲಿಲ್ಲ. ಬಿಡುವಿನ ಹೊತ್ತೆಲ್ಲ ಬರವಣಿಗೆಗೆ ಹೋಯಿತು. 1885ರಲ್ಲಿ ಲೂಯಿಸಾ ಹಾಕಿನ್ಸ್ ಅವರನ್ನು ಮದುವೆಯಾದರು.

ಇಪ್ಪತ್ತೈದು ಪೌಂಡಿನ ಪತ್ತೇದಾರ

1886ರಲ್ಲಿ ಬರೆದ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್'. ಹಲವು ಕಡೆ ತಿರಸ್ಕೃತವಾಗಿ, ಕೊನೆಗೆ 25 ಪೌಂಡಿಗೆ ಪೂರ್ತಿ ಹಕ್ಕಿನೊಂದಿಗೆ ಮಾರಾಟವಾಯಿತು. 1887ರ ಒಂದು ಕ್ರಿಸ್‌ಮಸ್ ವಾರ್ಷಿಕ ಸಂಚಿಕೆಯಲ್ಲಿ ಅದು ಅಚ್ಚಾದಾಗ ದೊಡ್ಡ ಸದ್ದೇನೂ ಆಗಲಿಲ್ಲ. 1890ರಲ್ಲಿ ಎರಡನೆಯ ಕಾದಂಬರಿ 'ದಿ ಸೈನ್ ಆಫ್ ಫೋರ್' ಬಂತು. 1857ರ ದಂಗೆಯ ಕಾಲದ ಆಗ್ರಾ ಕೋಟೆ, ಅಲ್ಲಿಂದ ಕಳವಾದ ನಿಧಿ, ಅಂಡಮಾನಿನ ಸೆರೆಮನೆ ಎಲ್ಲವೂ ಅದರಲ್ಲಿವೆ. ಅಂಡಮಾನಿನ ಮೂಲನಿವಾಸಿಯನ್ನು ಅದರಲ್ಲಿ ಚಿತ್ರಿಸಿದ ರೀತಿ ಮಾತ್ರ ಇಂದು ಓದುವವರಿಗೆ ಕಿರಿಕಿರಿ ಮಾಡುತ್ತದೆ. ಆ ಕಾಲದ ಆಳುವವರ ಕಣ್ಣು ಅದು. ಅಭಿಮಾನಿಯಾದರೂ ಇದನ್ನು ಮುಚ್ಚಿಡಬೇಕಾಗಿಲ್ಲ.

ನಿಜವಾದ ತಿರುವು 1891ರ ಜುಲೈಯಲ್ಲಿ. ಕಣ್ಣಿನ ತಜ್ಞರಾಗಿ ಲಂಡನ್ನಿಗೆ ಬಂದಿದ್ದ ಡಾಯ್ಲ್, 'ಸ್ಟ್ರ್ಯಾಂಡ್' ಎಂಬ ಹೊಸ ಮಾಸಪತ್ರಿಕೆಗೆ ಹೋಮ್ಸ್‌ನ ಬಿಡಿ ಕಥೆಗಳನ್ನು ಕೊಡತೊಡಗಿದರು. ಧಾರಾವಾಹಿಯಾದರೆ ಒಂದು ಕಂತು ತಪ್ಪಿಸಿಕೊಂಡ ಓದುಗ ಆಸಕ್ತಿ ಕಳೆದುಕೊಳ್ಳುತ್ತಾನೆ. ಬಿಡಿ ಕಥೆಗಳಿಗಾದರೆ ಬೆಸುಗೆ ಇರುವುದಿಲ್ಲ. ಅದೇ ಪಾತ್ರಗಳು ಪ್ರತಿ ತಿಂಗಳೂ ಬರಬೇಕು, ಕಥೆ ಆಯಾ ಸಂಚಿಕೆಯಲ್ಲೇ ಮುಗಿಯಬೇಕು ಎಂಬುದು ಅವರ ಲೆಕ್ಕ. ಇಂದಿನ ಟೀವಿ ಸರಣಿಗಳಲ್ಲೂ ಹಲವು ನಡೆಯುತ್ತಿರುವುದು ಇದೇ ಲೆಕ್ಕದಲ್ಲಿ. ಸಿಡ್ನಿ ಪ್ಯಾಜೆಟ್ ಅವರ ಚಿತ್ರಗಳು ಹೋಮ್ಸ್‌ಗೆ ಮುಖ ಕೊಟ್ಟವು. ವೈದ್ಯಕೀಯ ಬಿಟ್ಟು ಪೂರ್ಣಾವಧಿ ಲೇಖಕರಾದ ಡಾಯ್ಲ್ ಕೆಲವೇ ತಿಂಗಳಲ್ಲಿ ಪ್ರಸಿದ್ಧರಾದರು. 1892ರ ಮೊದಲ ಕಥಾಸಂಕಲನವನ್ನು ಗುರು ಬೆಲ್ ಅವರಿಗೆ ಅರ್ಪಿಸಿದರು.

ವಾಟ್ಸನ್ ಎಂಬ ಗುಟ್ಟು

ಇಲ್ಲಿ ಅಭಿಮಾನಿಯ ಒಂದು ಮಾತು. ಹೋಮ್ಸ್‌ನ ಜಾಣ್ಮೆಯೊಂದೇ ಈ ಕಥೆಗಳ ಬಲವಾಗಿದ್ದರೆ ನಾವು ಅವನ್ನು ಎರಡನೆಯ ಸಲ ಓದುತ್ತಿರಲಿಲ್ಲ. ಕಳ್ಳ ಯಾರೆಂದು ಗೊತ್ತಾದ ಮೇಲೆ ಓದಲು ಏನಿದೆ? ಆದರೂ ಓದುತ್ತೇವೆ. ಕಾರಣ, ಡಾಕ್ಟರ್ ವಾಟ್ಸನ್.

ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ಗಾಯಗೊಂಡು ಬಂದ ವೈದ್ಯ ಇವನು. ಹೋಮ್ಸ್ ಚಾಣಾಕ್ಷ, ಆದರೆ ಅಹಂಕಾರಿ. ಕೆಲಸವಿಲ್ಲದಾಗ ಕೊಕೇನ್ ಚುಚ್ಚಿಕೊಳ್ಳುವವನು. ತಂಬಾಕನ್ನು ಚಪ್ಪಲಿಯೊಳಗೆ ಇಡುವ, ಉತ್ತರಿಸದ ಪತ್ರಗಳನ್ನು ಗೂಡಿನ ಹಲಗೆಗೆ ಚಾಕುವಿನಿಂದ ಚುಚ್ಚಿಡುವ ವಿಚಿತ್ರ ಮನುಷ್ಯ. ಅವನೇ ಕಥೆ ಹೇಳಿದ್ದರೆ ನಮಗೆ ಸಿಟ್ಟು ಬರುತ್ತಿತ್ತು. ವಾಟ್ಸನ್ ಅವನನ್ನು ಪ್ರೀತಿಯಿಂದ ನೋಡುವುದರಿಂದ ನಮಗೂ ಅವನು ಪ್ರಿಯನಾಗುತ್ತಾನೆ. 1925ರಲ್ಲಿ 'ಸ್ಟ್ರ್ಯಾಂಡ್'ನಲ್ಲಿ ಬಂದ 'ದಿ ತ್ರೀ ಗ್ಯಾರಿಡೆಬ್ಸ್' ಕಥೆಯಲ್ಲಿ ವಾಟ್ಸನ್‌ಗೆ ಗುಂಡೇಟು ಬೀಳುತ್ತದೆ. ಆಗ ಮಾತ್ರ ಹೋಮ್ಸ್‌ನ ಮುಖವಾಡ ಒಂದು ಕ್ಷಣ ಕಳಚುತ್ತದೆ. ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಕಾಯಿಸಿ ಕೊಟ್ಟ ಕ್ಷಣ ಅದು!

ಹಾಗೆಂದು ಡಾಯ್ಲ್ ಎಚ್ಚರದ ಲೇಖಕರೇನೂ ಅಲ್ಲ. ವಾಟ್ಸನ್‌ನ ಯುದ್ಧದ ಗಾಯ ಮೊದಲ ಕಾದಂಬರಿಯಲ್ಲಿ ಹೆಗಲಲ್ಲಿದ್ದರೆ ಎರಡನೆಯದರಲ್ಲಿ ಕಾಲಿಗೆ ಇಳಿದಿದೆ. ಜಾನ್ ಎಂಬ ಹೆಸರಿನವನನ್ನು ಒಂದು ಕಥೆಯಲ್ಲಿ ಹೆಂಡತಿಯೇ ಜೇಮ್ಸ್ ಎಂದು ಕರೆಯುತ್ತಾಳೆ. ಅಭಿಮಾನಿಗಳು ಇಂಥ ತಪ್ಪುಗಳಿಗೆ ಸಮರ್ಥನೆ ಹುಡುಕುತ್ತಾ ಪುಸ್ತಕಗಳನ್ನೇ ಬರೆದಿದ್ದಾರೆ. ಲೇಖಕರು ತಾರೀಕು, ಹೆಸರು ಮರೆತರು ನಿಜ. ಆದರೆ ಪಾತ್ರದ ಸ್ವಭಾವವನ್ನು ಮರೆಯಲಿಲ್ಲ.

ಜಲಪಾತಕ್ಕೆ ತಳ್ಳಿದರು

ಡಾಯ್ಲ್ ಅವರ ಆಸೆಯೇ ಬೇರೆ ಇತ್ತು. 'ಮೈಕಾ ಕ್ಲಾರ್ಕ್', 'ದಿ ವೈಟ್ ಕಂಪನಿ'ಯಂಥ ಐತಿಹಾಸಿಕ ಕಾದಂಬರಿಗಳೇ ತಮ್ಮ ನಿಜವಾದ ಕೃತಿಗಳೆಂದು ಅವರು ನಂಬಿದ್ದರು. ಹೋಮ್ಸ್ ಆ ದಾರಿಗೆ ಅಡ್ಡ ನಿಂತಿದ್ದ. 1891ರಲ್ಲೇ ಅವನನ್ನು ಮುಗಿಸುವ ಯೋಚನೆಯನ್ನು ತಾಯಿಗೆ ಪತ್ರದಲ್ಲಿ ತಿಳಿಸಿದರು. ತಾಯಿ ಒಪ್ಪಲಿಲ್ಲ. ಬದಲಿಗೆ ಒಂದು ಹೊಸ ಕಥೆಗೆ ವಸ್ತುವನ್ನೂ ಕೊಟ್ಟರು. ಹೀಗೆ ಹೋಮ್ಸ್‌ನ ಮೊದಲ ಅಭಿಮಾನಿ ಅವನ ಪ್ರಾಣ ಉಳಿಸಿದರು ಅನ್ನಬಹುದು.

ಆದರೆ ಅದು ತಾತ್ಕಾಲಿಕ. 1893ರ ಡಿಸೆಂಬರ್ ಸಂಚಿಕೆಯಲ್ಲಿ, ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತದ ಬಳಿ, ಪ್ರೊಫೆಸರ್ ಮೊರಿಯಾರ್ಟಿಯೊಂದಿಗೆ ಹೋಮ್ಸ್ ಕಣ್ಮರೆಯಾದ. ಆ ವರ್ಷ ಡಾಯ್ಲ್ ಅವರ ಮನೆಯಲ್ಲೂ ಕತ್ತಲೆ. ಅಕ್ಟೋಬರಿನಲ್ಲಿ ತಂದೆ ತೀರಿಕೊಂಡಿದ್ದರು. ಹೆಂಡತಿಗೆ ಕ್ಷಯ ರೋಗ ಎಂದು ಗೊತ್ತಾಗಿತ್ತು.

ಓದುಗರು ಸುಮ್ಮನಿರಲಿಲ್ಲ. ಇಪ್ಪತ್ತು ಸಾವಿರ ಮಂದಿ ಪತ್ರಿಕೆಯ ಚಂದಾ ನಿಲ್ಲಿಸಿದರೆಂದು ಹೇಳುತ್ತಾರೆ. ಲಂಡನ್ನಿನ ಯುವಕರು ಕಪ್ಪು ಪಟ್ಟಿ ಕಟ್ಟಿ ಓಡಾಡಿದರೆಂಬ ಕಥೆಯೂ ಇದೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಲೇಖಕರಿಗೆ ಬೈಗುಳದ ಪತ್ರಗಳು ಬಂದದ್ದಂತೂ ನಿಜ.

1901ರಲ್ಲಿ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಆರಂಭವಾಯಿತು. ಆದರೆ ಅದು ಹೋಮ್ಸ್ ಸಾಯುವುದಕ್ಕೆ ಮೊದಲಿನ ಕಥೆ. 1903ರಲ್ಲಿ 'ದಿ ಎಂಪ್ಟಿ ಹೌಸ್' ಕಥೆಯಲ್ಲಿ ಅವನು ನಿಜವಾಗಿಯೂ ಮರಳಿದ. ಅಂದ ಹಾಗೆ, ಆ ಕಥೆಯ ಖಳನಾಯಕ ಕರ್ನಲ್ ಮೊರಾನ್ ಬೆಂಗಳೂರಿನ ಹೆಸರು ಹೊತ್ತ ಒಂದು ಕಾಲ್ಪನಿಕ ಪಯೋನಿಯರ್ಸ್ ದಳದಲ್ಲಿ ಇದ್ದವನು. ನಮ್ಮ ಕಡೆಯ ಓದುಗರು ಆ ಸಾಲಿಗೆ ಬಂದಾಗ ಒಮ್ಮೆ ನಗದೇ ಇರಲಾರರು.

ಲೇಖಕರೇ ಪತ್ತೇದಾರರಾದಾಗ

1906ರಲ್ಲಿ ಲೂಯಿಸಾ ತೀರಿಕೊಂಡರು. ದುಃಖದಲ್ಲಿ ಮುಳುಗಿದ್ದ ಡಾಯ್ಲ್ ಅವರನ್ನು ಎಬ್ಬಿಸಿದ್ದು ಜಾರ್ಜ್ ಎಡಲ್ಜಿ ಪ್ರಕರಣ. ಜಾರ್ಜ್ ಅವರ ತಂದೆ ಮುಂಬೈ ಮೂಲದ ಪಾರ್ಸಿ, ಕ್ರೈಸ್ತರಾಗಿ ಇಂಗ್ಲೆಂಡಿನ ಹಳ್ಳಿಯೊಂದರ ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಮಗ ವಕೀಲ. 1903ರಲ್ಲಿ ಆ ಊರಿನಲ್ಲಿ ರಾತ್ರಿ ಹೊತ್ತು ಕುದುರೆ, ದನಗಳ ಹೊಟ್ಟೆ ಸೀಳುವ ಕ್ರೂರ ಕೃತ್ಯಗಳು ನಡೆದಾಗ ಆರೋಪ ಈ ಕಂದು ಬಣ್ಣದ ಯುವಕನ ತಲೆಗೆ ಬಂತು. ಏಳು ವರ್ಷ ಶಿಕ್ಷೆಯಾಯಿತು. ಮೂರು ವರ್ಷದ ನಂತರ ಬಿಡುಗಡೆಯಾದರೂ ಕಳಂಕ ಹೋಗಲಿಲ್ಲ.

1907ರ ಜನವರಿಯಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಡಾಯ್ಲ್ ಎಡಲ್ಜಿಯನ್ನು ಭೇಟಿಯಾದರು. ಎಡಲ್ಜಿ ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ, ಓರೆಯಾಗಿ ಹಿಡಿದು ಓದುತ್ತಿದ್ದರು. ಕಣ್ಣಿನ ವೈದ್ಯರಿಗೆ ಅಷ್ಟು ಸಾಕಾಯಿತು. ಇಷ್ಟು ಮಂದ ದೃಷ್ಟಿಯವರು ಕತ್ತಲಲ್ಲಿ ಹೊಲ, ರೈಲು ಹಳಿ ದಾಟಿ ಹೋಗಿ ಕುದುರೆಯನ್ನು ಇರಿಯುವುದು ಹೇಗೆ? ಗುರು ಬೆಲ್ ಕಲಿಸಿದ ಪಾಠ ಇಲ್ಲಿ ಒಬ್ಬ ಮನುಷ್ಯನ ಮಾನ ಉಳಿಸಲು ಬಂತು. ಡಾಯ್ಲ್ 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಲೇಖನ ಬರೆದರು. ಅದೇ ವರ್ಷ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು. ಬೆದರಿಕೆ ಪತ್ರಗಳ ಆರೋಪ ಉಳಿಸಿಕೊಂಡು ಪರಿಹಾರ ಮಾತ್ರ ನಿರಾಕರಿಸಿದರು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪಿಸುವ ಕಾನೂನು 1907ರಲ್ಲೇ ಬರಲು ಈ ಪ್ರಕರಣವೂ ಒಂದು ಕಾರಣ. ಗ್ಲಾಸ್ಗೋದಲ್ಲಿ ಕೊಲೆ ಆರೋಪದ ಮೇಲೆ 1909ರಲ್ಲಿ ಶಿಕ್ಷೆಗೊಳಗಾದ ಆಸ್ಕರ್ ಸ್ಲೇಟರ್ ಪರವಾಗಿಯೂ ಅವರು ವರ್ಷಗಟ್ಟಲೆ ಹೋರಾಡಿದರು. ಆ ಶಿಕ್ಷೆ ರದ್ದಾದದ್ದು 1928ರಲ್ಲಿ.

ಪ್ರೇತಗಳನ್ನು ನಂಬಿದವರು, ನಂಬದ ಹೋಮ್ಸ್

ಬದುಕಿನ ಕೊನೆಯ ಭಾಗ ವಿಚಿತ್ರ. ಸತ್ತವರ ಆತ್ಮದೊಂದಿಗೆ ಮಾತಾಡಬಹುದೆಂಬ ಪ್ರೇತವಾದದಲ್ಲಿ ಡಾಯ್ಲ್ ಅವರಿಗೆ ಮೊದಲಿನಿಂದಲೂ ಕುತೂಹಲವಿತ್ತು. 1916ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. 1918ರಲ್ಲಿ ಮಗ ಕಿಂಗ್‌ಸ್ಲಿ, 1919ರಲ್ಲಿ ತಮ್ಮ ಇನ್ಸ್ ತೀರಿಕೊಂಡ ಮೇಲೆ ಅದೇ ಅವರ ಜೀವನಧ್ಯೇಯವಾಯಿತು. ಎರಡನೆಯ ಹೆಂಡತಿ ಜೀನ್ ಜತೆ ದೇಶ ದೇಶ ಸುತ್ತಿ ಭಾಷಣ ಮಾಡಿದರು. ಇಬ್ಬರು ಹುಡುಗಿಯರು ಕಾಗದದ ಚಿತ್ರ ಕತ್ತರಿಸಿ ತೆಗೆದ ಕಿನ್ನರಿಯರ ಫೋಟೋಗಳನ್ನು ನಿಜವೆಂದು ನಂಬಿ, 1922ರಲ್ಲಿ ಪುಸ್ತಕವನ್ನೇ ಬರೆದರು. ಜನ ನಕ್ಕರು. ಮಗನನ್ನು ಕಳೆದುಕೊಂಡ ತಂದೆಯ ನೋವು ನಕ್ಕವರಿಗೆ ಕಂಡಿರಲಾರದು.

ಈಗ ಗಮನಿಸಿ. 1924ರ ಜನವರಿಯಲ್ಲಿ, ಇದೇ ಪ್ರಚಾರದ ಭರಾಟೆಯ ನಡುವೆ, 'ದಿ ಸಸೆಕ್ಸ್ ವ್ಯಾಂಪೈರ್' ಎಂಬ ಹೋಮ್ಸ್ ಕಥೆ ಬಂತು. ರಕ್ತ ಹೀರುವ ಪಿಶಾಚಿಯ ಗುಮಾನಿ. ಹೋಮ್ಸ್ ಭೂತಪ್ರೇತದ ಮಾತನ್ನು ಮೊದಲಲ್ಲೇ ತಳ್ಳಿಹಾಕಿ, ಮನೆಯೊಳಗಿನ ಮನುಷ್ಯರಲ್ಲೇ ಕಾರಣ ಹುಡುಕಿ ತೆಗೆಯುತ್ತಾನೆ. ತನ್ನ ಮತಪ್ರಚಾರಕ್ಕೆ ಲೋಕದ ಅತ್ಯಂತ ಪ್ರಸಿದ್ಧ ಬಾಯಿ ಕೈಯಲ್ಲೇ ಇದ್ದರೂ ಡಾಯ್ಲ್ ಅದನ್ನು ಬಳಸಲಿಲ್ಲ!

ಅವರ ಇನ್ನೊಂದು ಸರಣಿಯ ಪಾತ್ರಕ್ಕೆ ಈ ಭಾಗ್ಯ ಸಿಗಲಿಲ್ಲ. 1912ರ 'ದಿ ಲಾಸ್ಟ್ ವರ್ಲ್ಡ್' ಕಾದಂಬರಿಯಲ್ಲಿ ಗುಡುಗುತ್ತಾ ಬಂದ ವಿಜ್ಞಾನಿ ಪ್ರೊಫೆಸರ್ ಚಾಲೆಂಜರ್‌ನನ್ನು 1926ರ 'ದಿ ಲ್ಯಾಂಡ್ ಆಫ್ ಮಿಸ್ಟ್'ನಲ್ಲಿ ಪ್ರೇತವಾದಿಯಾಗಿ ಬದಲಾಯಿಸಿದರು. ಅಲ್ಲಿ ಮಾತಾಡುವುದು ಚಾಲೆಂಜರ್ ಅಲ್ಲ, ಡಾಯ್ಲ್. ಮೊದಲನೆಯದನ್ನು ಓದಿದಷ್ಟು ಪ್ರೀತಿಯಿಂದ ಇದನ್ನು ಯಾರೂ ಓದುವುದಿಲ್ಲ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೌರವನ ಅರ್ಥ ಹೇಳುವವರು ಮನೆಯಲ್ಲಿ ಕೃಷ್ಣಭಕ್ತರೇ ಇರಬಹುದು. ಆದರೆ ಕೂಟದಲ್ಲಿ ಕುಳಿತ ಮೇಲೆ ಕೌರವನ ವಾದವನ್ನು ಕೌರವನಾಗಿಯೇ ಮಂಡಿಸಬೇಕು. ನಡುವೆ ತನ್ನ ಭಕ್ತಿ ನುಸುಳಿತೋ, ಪಾತ್ರ ಕೆಟ್ಟಿತು. ಡಾಯ್ಲ್ ಚಾಲೆಂಜರ್‌ನಲ್ಲಿ ಆ ತಪ್ಪು ಮಾಡಿದರು. ಇಷ್ಟವಿಲ್ಲದ ಹೋಮ್ಸ್‌ನಲ್ಲಿ ಮಾಡಲಿಲ್ಲ.

ನಾಲ್ಕು ಕಾದಂಬರಿ, 56 ಕಥೆಗಳು. ಕೊನೆಯದು ಬಂದದ್ದು 1927ರಲ್ಲಿ. 1930ರ ಜುಲೈ 7ರಂದು, ಕ್ರೋಬರೋದ ತಮ್ಮ ಮನೆಯಲ್ಲಿ, 71ನೆಯ ವಯಸ್ಸಿನಲ್ಲಿ ಡಾಯ್ಲ್ ನಿಧನರಾದರು. ಕೆಲವು ದಿನಗಳ ಬಳಿಕ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಪ್ರೇತವಾದಿಗಳ ಸಭೆಯಲ್ಲಿ ಅವರಿಗಾಗಿ ಒಂದು ಕುರ್ಚಿಯನ್ನು ಖಾಲಿ ಇಟ್ಟಿದ್ದರು. ಸಾವಿರಾರು ಜನ ಕಾದರು. ಹೋಮ್ಸ್ ಅಲ್ಲಿದ್ದರೆ ಆ ಕುರ್ಚಿಯನ್ನು ನೋಡಿ ಏನು ಯೋಚಿಸುತ್ತಿದ್ದನೆಂದು ಅವನ ಓದುಗರಿಗೆಲ್ಲ ಗೊತ್ತು. ಅಷ್ಟು ಖಚಿತವಾಗಿ ಅವನನ್ನು ನಮಗೆ ಪರಿಚಯಿಸಿ ಹೋದವರು, ಆ ಕುರ್ಚಿ ಯಾರಿಗಾಗಿ ಕಾದಿತ್ತೋ, ಅವರೇ.