ಎಂಬತ್ತರ ಹರೆಯದ ಮನ್ಸೂರರು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಆಡಿಟೋರಿಯಂಗೆ ಒಬ್ಬ ಹಿಂದೂಸ್ತಾನಿ ಗಾಯಕರು ಬಂದಿದ್ರು. ವಯಸ್ಸು ಎಪ್ಪತ್ತೈದು ದಾಟಿರಬೇಕು. ಎಂಟ್ರಿ ಫ್ರೀ. ಆದ್ರೂ ಬಂದವರು ನಲವತ್ತು ಜನ ಇದ್ರೆ ಹೆಚ್ಚು. ಅದರಲ್ಲಿ ಅರ್ಧ ವಾಲಂಟಿಯರ್‌ಗಳು. ನಾನೂ ಹೋಗಿದ್ದೆ, ಆದ್ರೆ ಇಪ್ಪತ್ತು ನಿಮಿಷಕ್ಕೇ ಎದ್ದು ಬಂದೆ. ಅವರ ದನಿ ಒಂದೆರಡು ಕಡೆ ಒಡೀತು, ಕೆಮ್ಮು ಬಂತು, ನೀರು ಕುಡಿದ್ರು. ಯೂಟ್ಯೂಬಲ್ಲಿ ಇವರದ್ದೇ ಮೂವತ್ತು ವರ್ಷ ಹಿಂದಿನ ರೆಕಾರ್ಡಿಂಗ್ ಇದೆಯಲ್ಲ, ಅದನ್ನೇ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ರಾಯ್ತು ಅಂದುಕೊಂಡು ಕ್ಯಾಂಟೀನ್ ಕಡೆ ನಡೆದೆ.

ಆ ರಾತ್ರಿ ಧಾರವಾಡದಲ್ಲಿರುವ ನಮ್ಮ ಅಜ್ಜನಿಗೆ ಫೋನ್ ಮಾಡಿದಾಗ ಈ ವಿಷಯ ಹೇಳಿದೆ. ಅಜ್ಜ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಒಮ್ಮೆ ಇದೇ ತಪ್ಪು ಮಾಡಿದ್ದನ್ನ ಹೇಳಿದ್ರು. ಆ ತಪ್ಪಿಗೆ ಸಂಬಂಧಪಟ್ಟವರು ಮಲ್ಲಿಕಾರ್ಜುನ ಮನ್ಸೂರರು. ಅವರ ಹೆಸರು ನನಗೆ ಗೊತ್ತಿತ್ತು, ಆದ್ರೆ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಸೆಮಿಸ್ಟರ್ ರಜೆಯಲ್ಲಿ ಕೂತು ಓದಿದೆ, ಕೇಳಿದೆ. ಹಾಗೆ ತಿಳಿದುಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಧಾರವಾಡದ ಹತ್ತಿರ ಮನ್ಸೂರ ಅಂತ ಒಂದು ಊರಿದೆ. 1910ರ ಡಿಸೆಂಬರ್ 31ಕ್ಕೆ ಅಲ್ಲಿಯ ಒಂದು ಒಕ್ಕಲುತನದ ಮನೆಯಲ್ಲಿ ಮಲ್ಲಿಕಾರ್ಜುನ ಹುಟ್ಟಿದ್ರು. ತಂದೆ ಭೀಮರಾಯಪ್ಪ ಊರಿನ ಗೌಡರು, ತಾಯಿ ನೀಲಮ್ಮ. ಓದಿಗಿಂತ ನಾಟಕದ ಹುಚ್ಚು ಜಾಸ್ತಿ. ಅಣ್ಣ ಬಸವರಾಜ ನಾಟಕದಲ್ಲಿದ್ದರು, ತಮ್ಮನೂ ಹತ್ತು ವರ್ಷ ತುಂಬೋ ಮೊದಲೇ ಬಣ್ಣ ಹಚ್ಚಿದ. ಆಗಿನ ಕಂಪನಿ ನಾಟಕದಲ್ಲಿ ಹಾಡು ಬರದಿದ್ದರೆ ಪಾತ್ರ ಸಿಗ್ತಿರಲಿಲ್ಲ, ಮೈಕ್ ಕೂಡ ಇರಲಿಲ್ಲ. ಕಟ್ಟಕಡೆಯ ಸಾಲಲ್ಲಿ ನೆಲದ ಮೇಲೆ ಕೂತವನಿಗೂ ಕೇಳಿಸಬೇಕು. ಹುಡುಗನ ಗಂಟಲು ತಯಾರಾಗಿದ್ದು ಅಲ್ಲಿ.

ಮೊದಲು ಅಪ್ಪಯ್ಯಸ್ವಾಮಿ ಅನ್ನುವವರಿಂದ ಸ್ವಲ್ಪ ಕರ್ನಾಟಕ ಸಂಗೀತ ಕಲಿತ್ರು. ಆಮೇಲೆ ಮಿರಜಿನ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆಯ ಹಿಂದೂಸ್ತಾನಿ ಸಂಗೀತ. ಕೆಲವು ವರ್ಷದಲ್ಲೇ ಕಚೇರಿ ಮಾಡೋ ಮಟ್ಟಕ್ಕೆ ಬಂದ್ರು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ 78 ಆರ್‌ಪಿಎಂ ತಟ್ಟೆಗಳನ್ನ ಹೊರಗೆ ತಂತು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ಒಂದು ರಾಗ ಮುಗಿಸಬೇಕು. ಆ ಹಳೇ ತಟ್ಟೆಗಳು ಈಗ ನೆಟ್‌ನಲ್ಲಿ ಸಿಗುತ್ತವೆ, ಕೇಳಿ ನೋಡಿ. ದನಿ ಚೂಪಾಗಿದೆ, ತಾನುಗಳು ಸರಸರ ಅಂತ ಓಡುತ್ತವೆ. ಇಪ್ಪತ್ತರ ಹುಡುಗನಿಗೆ ಇರಬೇಕಾದ ಎಲ್ಲ ಜೋರೂ ಇದೆ.

ಇಲ್ಲಿಗೆ ನಿಂತಿದ್ರೆ ಅವರು ಒಬ್ಬ ಒಳ್ಳೆ ಗಾಯಕರಾಗಿ ಮರೆತುಹೋಗ್ತಿದ್ರೋ ಏನೋ. ಆದ್ರೆ ಕೈಯಲ್ಲಿ ಹೆಸರು, ರೆಕಾರ್ಡು ಎರಡೂ ಇದ್ದ ಮನುಷ್ಯ ಮತ್ತೆ ಶಿಷ್ಯನಾಗಿ ಕೂತ್ರು. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಹತ್ತಿರ ಮುಂಬೈಯಲ್ಲಿ ಪಾಠ ಶುರುವಾಯ್ತು. ನಾವು ಫಸ್ಟ್ ಇಯರ್‌ನಲ್ಲಿ ಕಲಿತ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಬಿಟ್ಟು ಬೇರೆ ಕಲೀಬೇಕು ಅಂದ್ರೆನೇ ಗೊಣಗ್ತೀವಿ. ಇವರು ಹಾಡೋ ರೀತಿಯನ್ನೇ ಬದಲಾಯಿಸೋಕೆ ಹೊರಟಿದ್ರು. ಆದ್ರೆ ಆ ಭಾಗ್ಯ ಹೆಚ್ಚು ದಿನ ಇರಲಿಲ್ಲ. 1937ರಲ್ಲಿ ಮಂಜಿ ಖಾನರು ತೀರಿಕೊಂಡ್ರು. ಆಮೇಲೆ ಅವರ ತಮ್ಮ ಬುರ್ಜಿ ಖಾನರ ಹತ್ತಿರ ಮನ್ಸೂರರು ಪಾಠ ಮುಂದುವರಿಸಿದ್ರು.

ಈ ಘರಾಣೆಯ ಹಾಡುಗಾರಿಕೆ ಏನು ಅನ್ನೋದನ್ನ ನನಗೆ ಅರ್ಥವಾದಷ್ಟು ಹೇಳ್ತೀನಿ. ಬೇರೆ ಎಷ್ಟೋ ಗಾಯಕರು ನಿಧಾನಕ್ಕೆ ಒಂದೊಂದೇ ಸ್ವರ ಹಿಡಿದು ರಾಗ ಬೆಳೆಸುತ್ತಾರೆ. ಜೈಪುರದವರದ್ದು ಹೆಚ್ಚಾಗಿ ಮಧ್ಯಲಯ. ತಬಲಾ ಶುರುವಾದ ಕೂಡಲೇ ಕಟ್ಟಡದ ಕೆಲಸವೂ ಶುರು. ತೀನ್ ತಾಲ್ ಅಂದ್ರೆ ಹದಿನಾರು ಮಾತ್ರೆ. ಪ್ರತಿ ಆವರ್ತನದಲ್ಲೂ ಸ್ವರಗಳು ಸುತ್ತಿ ಸುತ್ತಿ ಹೆಣೆದುಕೊಂಡು ಹೋಗಿ, ಇನ್ನೇನು ತಪ್ಪಿತು ಅನ್ನುವಾಗ ಸರಿಯಾಗಿ ಸಮ್‌ಗೆ ಬಂದು ಕೂರುತ್ತವೆ. ಮಧ್ಯೆ ಉಸಿರು ತಗೊಳ್ಳೋಕೆ ಜಾಗವೇ ಇಲ್ಲ ಅನಿಸುತ್ತೆ. ಜೊತೆಗೆ ಇವರು ಹಾಡ್ತಿದ್ದ ರಾಗಗಳು ಬೇರೆಯವರು ಮುಟ್ಟೋಕೆ ಹೆದರುವಂಥವು: ಶುದ್ಧ ನಟ್, ಬಿಹಾರಿ, ಖಟ್, ಶಿವಮತ ಭೈರವ್, ಲಾಜವಂತಿ. ಎರಡು ಮೂರು ರಾಗದ ಛಾಯೆ ಸೇರಿದ ರಾಗಗಳು ಬೇರೆ. ಒಂದು ಸ್ವರ ಆಚೀಚೆ ಆದ್ರೆ ಪಕ್ಕದ ರಾಗಕ್ಕೆ ಕಾಲಿಟ್ಟ ಹಾಗೆ.

ಇಷ್ಟೆಲ್ಲ ಇದ್ರೂ ಹೆಸರು ಬೇಗ ಬರಲಿಲ್ಲ. ಧಾರವಾಡ ಬಿಟ್ಟು ದೊಡ್ಡ ಊರು ಸೇರಲಿಲ್ಲ. ಅಲ್ಲೇ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಮೇಲಿನ ಭಕ್ತಿಗೆ ಮನೆಗೆ ಮೃತ್ಯುಂಜಯ ಅಂತಲೇ ಹೆಸರಿಟ್ಟರು. ಸಣ್ಣ ಆಳು, ಬಡಕಲು ಮೈ, ಹಣೆ ಮೇಲೆ ವಿಭೂತಿ, ಕೈಯಲ್ಲಿ ಬೀಡಿ. ದಾರಿಯಲ್ಲಿ ಎದುರು ಬಂದ್ರೆ ದೊಡ್ಡ ಗಾಯಕರು ಅಂತ ಯಾರಿಗೂ ಅನಿಸ್ತಿರಲಿಲ್ಲವಂತೆ. ಪದ್ಮಶ್ರೀ ಬಂದಿದ್ದು 1970ರಲ್ಲಿ, ಅರವತ್ತಕ್ಕೆ ಕಾಲಿಡುವಾಗ. ಮರುವರ್ಷ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1982ರಲ್ಲಿ ಅಕಾಡೆಮಿಯ ಫೆಲೋಶಿಪ್. ಸರ್ಕಾರಿ ಕೆಲಸದಲ್ಲಿದ್ರೆ ರಿಟೈರ್ ಆಗಿ ಪೆನ್ಷನ್ ತಗೊಳ್ಳೋ ವಯಸ್ಸಲ್ಲಿ ದೇಶಕ್ಕೆ ಇವರ ಪರಿಚಯ ಆಯ್ತು.

ನನಗೆ ಮುಖ್ಯ ಅನಿಸಿದ್ದು ಇದು. ಇವತ್ತು ನಾವು ಮನ್ಸೂರರು ಅಂತ ಕೇಳೋ ದೊಡ್ಡ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವು ಆ ಮುದುಕರವು. ಮೂರು ನಿಮಿಷದ ತಟ್ಟೆಯ ಹುಡುಗನದ್ದಲ್ಲ. ಅಂದ್ರೆ ಒಂದು ಕಾಲದಲ್ಲಿ ಚೆನ್ನಾಗಿದ್ದರು, ಈಗ ಇಳಿದುಹೋಗಿದ್ದಾರೆ ಅನ್ನೋ ಲೆಕ್ಕ ಇವರ ವಿಷಯದಲ್ಲಿ ಉಲ್ಟಾ.

ಇದು ಹೇಗೆ ಸಾಧ್ಯ? ವಯಸ್ಸಾದಂತೆ ಗಂಟಲಿನ ತಂತುಗಳ ಸ್ನಾಯು ತೆಳುವಾಗುತ್ತೆ, ಶ್ವಾಸಕೋಶದಲ್ಲಿ ಒಂದೇ ಸಲಕ್ಕೆ ಹಿಡಿಯೋ ಗಾಳಿ ಕಡಿಮೆ ಆಗುತ್ತೆ. ಇದು ಎಲ್ಲರಿಗೂ ಒಂದೇ, ಮನ್ಸೂರರಿಗೂ. ಬೀಡಿ ಬೇರೆ. ಅವರ ಕೊನೆಯ ವರ್ಷಗಳ ರೆಕಾರ್ಡಿಂಗ್ ಕೇಳಿದ್ರೆ ದನಿ ಒರಟಾಗಿರೋದು ಗೊತ್ತಾಗುತ್ತೆ. ಆದ್ರೆ ಅವರು ನಂಬಿಕೊಂಡಿದ್ದು ದನಿಯ ಜೋರನ್ನಲ್ಲ, ಲೆಕ್ಕವನ್ನ. ಎಲ್ಲಿ ಉಸಿರು ತಗೋಬೇಕು, ಯಾವ ಸ್ವರಕ್ಕೆ ಎಷ್ಟು ಭಾರ ಹಾಕಬೇಕು, ಸಮ್‌ಗೆ ಯಾವ ದಾರಿಯಲ್ಲಿ ಬರಬೇಕು ಅನ್ನೋದನ್ನ ಅರವತ್ತು ವರ್ಷ ದಿನಾ ಮಾಡಿ ಮಾಡಿ ಮೈಗೇ ಕಲಿಸಿದ್ರು. ಇಂಜಿನ್ ಹಳೇದಾಯ್ತು, ಆದ್ರೆ ಡ್ರೈವರ್‌ಗೆ ರಸ್ತೆಯ ಪ್ರತಿ ಗುಂಡಿಯೂ ಗೊತ್ತು. ನನ್ನ ತಲೆಗೆ ಹೊಳೆದ ಉದಾಹರಣೆ ಇಷ್ಟೇ, ಕ್ಷಮಿಸಿ.

ಎಲ್ಲರ ಮುಪ್ಪೂ ಹೀಗೇ ಇರುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮರಾಠಿ ರಂಗಭೂಮಿಯ ಬಾಲಗಂಧರ್ವರನ್ನ ನೋಡಿ. ಹೆಣ್ಣಿನ ಪಾತ್ರದಲ್ಲಿ ಅವರು ಸ್ಟೇಜಿಗೆ ಬಂದ್ರೆ ಹೆಂಗಸರು ಅವರ ಸೀರೆ ಉಡುವ ರೀತಿಯನ್ನೇ ಅನುಸರಿಸುತ್ತಿದ್ದರಂತೆ. ವಯಸ್ಸಾದ ಮೇಲೂ ಅವರು ಅದೇ ಪಾತ್ರಗಳನ್ನ ಮಾಡುತ್ತಾ ಹೋದ್ರು. ಮೈ ಸಹಕರಿಸಲಿಲ್ಲ, ಸಾಲ ಬಿಡಲಿಲ್ಲ. ಹಳೇ ಅಭಿಮಾನಿಗಳು ಹೋಗಿ ಕೂತು, ಎದುರಿಗಿರೋದನ್ನ ನೋಡದೆ ನೆನಪಿನಲ್ಲಿರೋದನ್ನೇ ನೋಡಿ ಬರ್ತಿದ್ದಿರಬಹುದು. ಹಾಗಾಗಿ, ಒಳ್ಳೆ ನೆನಪು ಕೆಡಿಸಿಕೊಳ್ಳೋದು ಬೇಡ ಅಂತ ಮನೆಯಲ್ಲೇ ಉಳಿಯುವವರ ಮಾತಿನಲ್ಲಿ ಏನೂ ಅರ್ಥ ಇಲ್ಲ ಅಂತ ನಾನು ಹೇಳಲ್ಲ.

ನಮ್ಮ ಅಜ್ಜ ಮಾಡಿದ್ದೂ ಅದನ್ನೇ. ಎಪ್ಪತ್ತರ ದಶಕದಲ್ಲಿ, ಕಾಲೇಜು ಮುಗಿಸಿ ಹೊಸದಾಗಿ ನೌಕರಿಗೆ ಸೇರಿದಾಗ, ಅವರು ಮನ್ಸೂರರನ್ನ ಎದುರಿಗೆ ಕೂತು ಕೇಳಿದ್ರು. ಆ ರಾತ್ರಿ ಮನೆಗೆ ನಡೆದುಕೊಂಡು ಬಂದಿದ್ದು ಈಗಲೂ ನೆನಪಿದೆಯಂತೆ. 1991ರ ಹೊತ್ತಿಗೆ ಧಾರವಾಡದಲ್ಲೇ ಮತ್ತೊಂದು ಕಚೇರಿ ಇತ್ತು, ಮನೆಯಿಂದ ಹತ್ತು ನಿಮಿಷದ ದಾರಿ. ಮನ್ಸೂರರಿಗೆ ಎಂಬತ್ತು. ಈ ವಯಸ್ಸಲ್ಲಿ ಇನ್ನೇನು ಉಳಿದಿರುತ್ತೆ, ಆ ಹಳೇ ರಾತ್ರಿ ಹಾಗೇ ಇರಲಿ ಅಂತ ಅಜ್ಜ ಹೋಗಲಿಲ್ಲ. ಮಾರನೇ ದಿನ ಹೋಗಿಬಂದ ಗೆಳೆಯರು ಮಾತಾಡೋದನ್ನ ಕೇಳಿದ ಮೇಲೆ, ಮುಂದಿನ ಸಲ ತಪ್ಪಿಸಲ್ಲ ಅಂತ ತೀರ್ಮಾನ ಮಾಡಿದ್ರಂತೆ.

ಮುಂದಿನ ಸಲ ಬರಲಿಲ್ಲ. 1992ರ ಜನವರಿಯಲ್ಲಿ ಕುಮಾರ ಗಂಧರ್ವರು ಹೋದ್ರು. ಕ್ಷಯರೋಗಕ್ಕೆ ಒಂದು ಶ್ವಾಸಕೋಶ ಕಳೆದುಕೊಂಡೂ ಮತ್ತೆ ಹಾಡಿದ ನಮ್ಮ ಬೆಳಗಾವಿ ಜಿಲ್ಲೆಯವರು. ಅದೇ ವರ್ಷ ಮನ್ಸೂರರಿಗೆ ಪದ್ಮವಿಭೂಷಣ ಬಂತು. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹಿಡಿದಿತ್ತು. ಸೆಪ್ಟೆಂಬರ್ 12ಕ್ಕೆ ಮನ್ಸೂರರೂ ತೀರಿಕೊಂಡ್ರು. ಅವರು ಇಟ್ಟುಹೋದದ್ದು ನೂರಾರು ಗಂಟೆಯ ಗಾಯನ, ವಚನಗಳ ಹಾಡುಗಾರಿಕೆ, ನನ್ನ ರಸಯಾತ್ರೆ ಅನ್ನೋ ಆತ್ಮಕಥೆ, ಮತ್ತು ಹಾಡು ಮುಂದುವರಿಸಿದ ಮಗ ರಾಜಶೇಖರ, ಮಗಳು ನೀಲಾ.

ಅಜ್ಜನ ಹತ್ತಿರ ಈಗ ಮನ್ಸೂರರ ಬಹಳಷ್ಟು ಕ್ಯಾಸೆಟ್ ಇವೆ, ನಾನೇ ಪೆನ್‌ಡ್ರೈವ್‌ಗೂ ಹಾಕಿಕೊಟ್ಟಿದ್ದೀನಿ. ಅವುಗಳಲ್ಲಿ ಕೊನೆಯ ವರ್ಷಗಳವೂ ಇವೆ. ಹಾಡು ಸಿಕ್ಕಿದೆಯಲ್ಲ, ಮತ್ತೇನು ಬೇಜಾರು ಅಂತ ನಾನು ಕೇಳಿದ್ದಕ್ಕೆ, ತಾನು ಕಳೆದುಕೊಂಡಿದ್ದು ಹಾಡಲ್ಲ ಅಂದ್ರು ಅಜ್ಜ. ಎಂಬತ್ತರ ಒಬ್ಬ ಮನುಷ್ಯ ಇರೋ ಅಷ್ಟೇ ಉಸಿರಲ್ಲಿ ಸಮ್ ಮುಟ್ತಾನೋ ಇಲ್ಲವೋ ಅಂತ ಎದುರಿಗೆ ಕೂತು ಕಾಯೋದು ಇದೆಯಲ್ಲ, ಅದು ಹೋಯ್ತು. ರೆಕಾರ್ಡಿಂಗಲ್ಲಿ ಸಮ್ ಬಂದೇ ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಅಜ್ಜನಿಗೂ ಈಗ ಎಂಬತ್ತು ಹತ್ತಿರ ಬಂದಿದೆ. ಅದಕ್ಕೇ ಈ ಮಾತು ನನಗೆ ಸ್ವಲ್ಪ ಜಾಸ್ತಿ ತಾಗಿತು.

ಹಾಗಾದ್ರೆ ವಯಸ್ಸಾದ ಗಾಯಕರ ಕಚೇರಿಗೆ ಹೋಗೋದು ಲಾಭವಾ? ಹಳೇ ರೆಕಾರ್ಡಿನ ಜೊತೆ ಹೋಲಿಸೋಕೆ ಹೋಗ್ತೀರಿ ಅಂದ್ರೆ ಬೇಡ, ನಿಮಗೂ ಬೇಜಾರು, ಅವರಿಗೂ ಅವಮಾನ. ಆದ್ರೆ ಇಷ್ಟು ವರ್ಷ ಒಂದೇ ಕೆಲಸ ಮಾಡಿದ ಮನುಷ್ಯನ ಹತ್ತಿರ ಇವತ್ತು ಏನಿದೆ ಅಂತ ನೋಡೋಕೆ ಹೋಗ್ತೀರಿ ಅಂದ್ರೆ ಹೋಗಿ. ಚೆನ್ನಾಗಿಲ್ಲದೇ ಇರಬಹುದು. ಹೋಗದೇ ಅದು ಗೊತ್ತಾಗಲ್ಲ, ಮತ್ತು ಇನ್ನೊಂದು ಸಲ ಅನ್ನೋದು ನಮ್ಮ ಬ್ಯಾಕ್‌ಲಾಗ್ ಪರೀಕ್ಷೆ ಥರ ಗ್ಯಾರಂಟಿ ಬರುವಂಥದ್ದಲ್ಲ.

ಧಾರವಾಡದ ಮೃತ್ಯುಂಜಯ ಮನೆ ಈಗ ಮನ್ಸೂರರ ಸ್ಮಾರಕ. ಮುಂದಿನ ರಜೆಗೆ ಅಜ್ಜನ ಜೊತೆ ಹೋಗೋ ಪ್ಲಾನ್ ಇದೆ. ಅದಕ್ಕೂ ಮೊದಲು, ನಮ್ಮ ಆಡಿಟೋರಿಯಂಗೆ ಮತ್ತೆ ಯಾರಾದರೂ ಹಿರಿಯರು ಹಾಡೋಕೆ ಬಂದ್ರೆ, ಈ ಸಲ ಕೊನೇ ತನಕ ಕೂತಿರ್ತೀನಿ. ನೀವೂ ಬನ್ನಿ. ಕ್ಯಾಂಟೀನ್ ಎಲ್ಲೂ ಓಡಿಹೋಗಲ್ಲ.