ಶ್ರೀ ಮಾದರಿ ಭಾಗ್ಯರೆಡ್ಡಿ ವರ್ಮ

ನಮ್ಮ ನಗರದ ಚಾದರ್‌ಘಾಟ್ ಪ್ರದೇಶದಲ್ಲಿ ಆದಿಹಿಂದೂ ಭವನವೆಂಬುದೊಂದು ಉಂಟು. ಪಟಾನ್‌ಚೆರುವಿನಿಂದ ಬಸ್ಸು ಹಿಡಿದು ಈ ಕಡೆಗೆ ಬಂದು ಹೋಗುವ ನಾನು ಆ ಹೆಸರನ್ನು ಬಹುಕಾಲ ಕೇಳಿದ್ದೆನೇ ಹೊರತು, ಅದರ ಹಿಂದಿರುವ ಮಹನೀಯರನ್ನು ಅರಿತಿರಲಿಲ್ಲ. ಹೊಟ್ಟೆಪಾಡಿಗಾಗಿ ಪರವೂರಿಗೆ ಬಂದವನಿಗೆ ಆ ಊರಿನ ದೊಡ್ಡವರು ಬೇಗನೆ ಕಾಣಿಸುವುದಿಲ್ಲವಷ್ಟೆ. ಬಾಲಕ ಬಾಲಿಕೆಯರೇ, ನೀವಾದರೂ ಅವರನ್ನು ಎಳೆಯ ವಯಸ್ಸಿನಲ್ಲಿಯೇ ತಿಳಿಯಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಶ್ರೀ ಭಾಗ್ಯರೆಡ್ಡಿ ವರ್ಮ ಅವರು 1888ನೆಯ ಇಸವಿ ಮೇ 22ರಂದು ಹೈದರಾಬಾದಿನಲ್ಲಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಭಾಗಯ್ಯ. ಮನೆತನದ ಹೆಸರು ಮಾದರಿ. ಕನ್ನಡದಲ್ಲಿ ಆ ಪದಕ್ಕಿರುವ ಅರ್ಥವನ್ನು ನೀವು ಬಲ್ಲಿರಿ; ಅಲ್ಲಿ ಅದು ಬರಿಯ ಮನೆತನದ ಹೆಸರು. ಅವರದು ಮಾಲ ಜಾತಿ. ಊರಿನವರು ಮುಟ್ಟದ, ಊರ ಬಾವಿಗೆ ಬರಗೊಡದ ಜಾತಿಗಳಲ್ಲಿ ಅದೂ ಒಂದು. ತಂದೆ ಬೇಗನೆ ತೀರಿಕೊಂಡರು. ಮಕ್ಕಳನ್ನು ಸಾಕುವ ಭಾರವೆಲ್ಲ ತಾಯಿಯ ಹೆಗಲಿಗೆ ಬಿದ್ದಿತು. ಬಾಲಕನು ಸಿಕಂದರಾಬಾದಿನಲ್ಲಿ ಡೋಸ್ ಸಾಂತೋಸ್ ಎಂಬ ಬ್ಯಾರಿಸ್ಟರರ ಮನೆಯಲ್ಲಿ ಕೆಲಸಕ್ಕೆ ಸೇರಿದನು. ಆ ಕ್ರೈಸ್ತ ಗೃಹಸ್ಥರು ಆಳುಮಗನಲ್ಲಿದ್ದ ಬುದ್ಧಿಯನ್ನು ಗುರುತಿಸಿ ಅವನ ಓದಿಗೆ ಅನುಕೂಲ ಮಾಡಿಕೊಟ್ಟರು. ಭಾಗಯ್ಯನೆಂಬ ಹೆಸರನ್ನು ಭಾಗ್ಯರೆಡ್ಡಿ ಎಂದು ಬದಲಿಸಿದವರು ಮನೆತನದ ಗುರುಗಳು. ರೆಡ್ಡಿ ಎಂದರೆ ಆಳುವವನು. ಈ ನೆಲವನ್ನು ಮೊದಲು ಆಳಿದವರು ಈ ಜನರೇ ಎಂಬುದು ಅವರ ಎಣಿಕೆಯಾಗಿತ್ತು. ಮುಂದೆ 1913ರಲ್ಲಿ ಆರ್ಯಸಮಾಜದವರು ವರ್ಮ ಎಂಬ ಬಿರುದನ್ನು ಸೇರಿಸಿದರು.

1906ರಲ್ಲಿ, ಇನ್ನೂ 18 ವರ್ಷದ ತರುಣರಾಗಿದ್ದಾಗಲೇ, ಅವರು ಜಗನ್ಮಿತ್ರ ಮಂಡಲಿಯನ್ನು ಸ್ಥಾಪಿಸಿದರು. ಅಕ್ಷರವರಿಯದ ಜನರಿಗೆ ಪುಸ್ತಕ ಕೊಟ್ಟು ಫಲವೇನು? ಆದುದರಿಂದ ಮಂಡಲಿಯವರು ಕೇರಿಕೇರಿಗಳಲ್ಲಿ ಹರಿಕಥೆಗಳನ್ನು ನಡೆಸಿ, ಅದರ ನಡುವೆಯೇ ಮದ್ಯಪಾನ, ಬಾಲ್ಯವಿವಾಹ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ದುಷ್ಟ ಪದ್ಧತಿ ಇವುಗಳನ್ನು ಖಂಡಿಸುತ್ತಿದ್ದರು. 1911ರಲ್ಲಿ ಈ ಮಂಡಲಿಯೇ ಮಾನ್ಯ ಸಂಘವಾಯಿತು.

ಅವರ ಕಾರ್ಯಗಳಲ್ಲೆಲ್ಲ ನನಗೆ ಹಿರಿದಾಗಿ ತೋರುವುದು ಶಾಲೆಗಳ ಕಾರ್ಯ. ನಿಜಾಮರ ರಾಜ್ಯದಲ್ಲಿ ಆಗ ಸರಕಾರಿ ವಿದ್ಯಾಭ್ಯಾಸವು ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ತೆಲುಗನ್ನಾಡುವ ಬಡ ಮಗುವಿಗೆ ಅದು ಎರಡು ಗೋಡೆಗಳನ್ನು ಒಮ್ಮೆಗೇ ಹತ್ತುವ ಕಷ್ಟ. ಜಾತಿಯದು ಒಂದು ಗೋಡೆ, ಭಾಷೆಯದು ಇನ್ನೊಂದು. ಭಾಗ್ಯರೆಡ್ಡಿಯವರು 1910ರಿಂದ ಈ ಮಕ್ಕಳಿಗೆ ತೆಲುಗಿನಲ್ಲಿಯೇ ಪಾಠ ಹೇಳಿಸತೊಡಗಿದರು. ಇಸಾಮಿಯಾ ಬಜಾರಿನಲ್ಲಿ ಮೊದಲುಗೊಂಡ ಈ ಕೆಲಸವು ಬೆಳೆದು, 1930ರ ದಶಕದ ಆದಿಯ ವೇಳೆಗೆ 26 ಶಾಲೆಗಳಾಗಿ, ಅವುಗಳಲ್ಲಿ 2500ರಷ್ಟು ಮಕ್ಕಳು ಓದುತ್ತಿದ್ದರು. ಬಳಿಕ ಸರಕಾರವೇ ಅವುಗಳನ್ನು ವಹಿಸಿಕೊಂಡಿತು. ತೆಲುಗು ನಾಡಿನ ನಡುವೆ ಕನ್ನಡದಲ್ಲಿ ಓದುತ್ತಿರುವ ನಿಮಗೆ, ತಾಯ್ನುಡಿಯಲ್ಲಿ ಮೊದಲ ಪಾಠ ಕೇಳುವ ಸುಖವೇನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ದೂರದೇಶದ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ಕಪ್ಪು ಜನರನ್ನು ದನಗಳಂತೆ ಕೊಂಡು ಮಾರುತ್ತಿದ್ದ ಕಾಲದಲ್ಲಿ, ಗುಲಾಮರಿಗೆ ಓದು ಕಲಿಸುವುದನ್ನೇ ಹಲವು ಸಂಸ್ಥಾನಗಳು ಅಪರಾಧವನ್ನಾಗಿ ಮಾಡಿದ್ದವು. 1829ರಲ್ಲಿ ಬಾಸ್ಟನ್ ನಗರದ ಡೇವಿಡ್ ವಾಕರ್ ಎಂಬ ಸ್ವತಂತ್ರ ಕರಿಯನು ಗುಲಾಮಗಿರಿಯನ್ನು ಖಂಡಿಸಿ ಒಂದು ಸಣ್ಣ ಪುಸ್ತಕವನ್ನು ಅಚ್ಚುಹಾಕಿಸಿದುದೇ ತಡ, ಅಲ್ಲಿನ ಯಜಮಾನರು ಅಕ್ಷರಕ್ಕೆ ಮತ್ತಷ್ಟು ಹೆದರಿದರು. ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ ಬಾಲ್ಟಿಮೋರಿನ ಬೀದಿ ಹುಡುಗರಿಂದ ಕದ್ದುಮುಚ್ಚಿ ಓದು ಕಲಿತು, 1838ರಲ್ಲಿ ತಪ್ಪಿಸಿಕೊಂಡು ಹೋಗಿ, ಹಳೆಯ ಅಡ್ಡಹೆಸರನ್ನು ಬಿಟ್ಟು ಹೊಸದನ್ನು ಧರಿಸಿದನು. ಪುಣೆಯ ಜೋತಿರಾವ್ ಫುಲೆಯವರು 1873ರಲ್ಲಿ ತಮ್ಮ ಗುಲಾಮಗಿರಿ ಎಂಬ ಗ್ರಂಥವನ್ನು, ಕರಿಯರ ಬಿಡುಗಡೆಗಾಗಿ ದುಡಿದ ಅಮೆರಿಕೆಯ ಸಜ್ಜನರಿಗೆ ಅರ್ಪಿಸಿದರು. ಅಲ್ಲಿನ ಬೇಗೆಯೂ ಇಲ್ಲಿನ ಬೇಗೆಯೂ ಒಂದೇ ಬೆಂಕಿಯದೆಂದು ಅವರು ಅಂದೇ ಕಂಡಿದ್ದರು.

ಹೆಸರಿನ ವಿಷಯಕ್ಕೆ ಬರೋಣ. 1917ನೆಯ ನವೆಂಬರಿನಲ್ಲಿ ವಿಜಯವಾಡದಲ್ಲಿ ಆಂಧ್ರ ದೇಶದ ಮೊದಲನೆಯ ಪಂಚಮರ ಸಮ್ಮೇಳನವು ಸೇರಿತು. ಏರ್ಪಡಿಸಿದವರು ಗುಡೂರು ರಾಮಚಂದ್ರರಾವ್ ಎಂಬ ಸುಧಾರಕರು, ಅಧ್ಯಕ್ಷರು ಭಾಗ್ಯರೆಡ್ಡಿಯವರು. ಸಮ್ಮೇಳನಕ್ಕೆ ಬಂದವರು ಬೆಟ್ಟದ ಮೇಲಿನ ಕನಕದುರ್ಗೆಯ ಗುಡಿಗೆ ನುಗ್ಗಿಯಾರೆಂಬ ಭಯದಿಂದ ಗುಡಿಯ ಬಾಗಿಲಿಗೆ ಬೀಗ ಹಾಕಲಾಯಿತು. ಭಾಗ್ಯರೆಡ್ಡಿಯವರು ಗುಡಿಯ ಕಡೆಗೆ ಹೋಗಲಿಲ್ಲ. ಅಧ್ಯಕ್ಷಪೀಠದಲ್ಲಿ ನಿಂತು, ಪಂಚಮರೆಂಬ ಆ ಶಬ್ದವನ್ನೇ ತಾವು ಒಪ್ಪುವುದಿಲ್ಲವೆಂದರು. ಐದನೆಯವರೆಂದು ತಮ್ಮನ್ನು ಕರೆದವರು ಯಾರು? ಈ ನಾಡಿನ ಮೂಲನಿವಾಸಿಗಳು ತಾವೇ ಎಂಬುದು ಅವರ ವಾದ. ಸಭೆಯು ಒಪ್ಪಿತು; ಸಮ್ಮೇಳನದ ಹೆಸರೇ ಆದಿ ಆಂಧ್ರ ಮಹಾಜನ ಸಭೆಯೆಂದು ಬದಲಾಯಿತು.

ನಾನು ಹುಟ್ಟಿದ ಹಳ್ಳಿಯಲ್ಲಿ ನನ್ನ ಸಹಪಾಠಿಯೊಬ್ಬನನ್ನು ಹಿರಿಯರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕುಲದ ಹೆಸರಿನಿಂದಲೇ ಕೂಗುತ್ತಿದ್ದರು, ಅವನು ಓಗೊಡುತ್ತಿದ್ದನು. ನಾನೂ ಹಾಗೆಯೇ ಕೂಗಿದುದುಂಟು. ವಿಜಯವಾಡದ ಈ ವೃತ್ತಾಂತವನ್ನು ಓದಿದಾಗ ನನಗೆ ಮೊದಲು ನೆನಪಾದುದು ಅವನ ಮುಖ.

1920ರ ದಶಕದ ಆರಂಭದಲ್ಲಿ ಮಾನ್ಯ ಸಂಘವು ಆದಿಹಿಂದೂ ಸಮಾಜಸೇವಾ ಸಂಘವಾಯಿತು. ಪಂಚಾಯಿತಿಗಳನ್ನು ಏರ್ಪಡಿಸಿ, ಜನರ ವ್ಯಾಜ್ಯಗಳು ಕೋರ್ಟಿಗೆ ಹೋಗದಂತೆ ಕೇರಿಯಲ್ಲಿಯೇ ತೀರುವ ಹಾಗೆ ಮಾಡಿದರು. 1931ರ ಜನಗಣತಿಯಲ್ಲಿ ನಿಜಾಮರ ಸರಕಾರವು ಈ ಜನರನ್ನು ಆದಿಹಿಂದೂಗಳೆಂದು ಬರೆಸಿತು. ಕಲಬುರಗಿ, ಬೀದರ, ರಾಯಚೂರುಗಳೂ ಅಂದು ಅದೇ ರಾಜ್ಯಕ್ಕೆ ಸೇರಿದ್ದುವು. 1956ರಲ್ಲಷ್ಟೆ ಅವು ಮೈಸೂರು ರಾಜ್ಯದಲ್ಲಿ ಕೂಡಿದುವು. ಹೀಗಾಗಿ ಚಾದರ್‌ಘಾಟಿನಲ್ಲಿ ಹುಟ್ಟಿದ ಹೆಸರು ನಮ್ಮ ಕನ್ನಡ ಹಳ್ಳಿಗಳ ಲೆಕ್ಕದ ಹಾಳೆಗೂ ಹೋಯಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದರೆ ಸುಳ್ಳಾದೀತು. ಆದಿಹಿಂದೂ ಸಂಘದಲ್ಲಿ ಮಾಲರದೇ ಮೇಲುಗೈಯೆಂದು ಮಾದಿಗ ಸಮಾಜದವರು ನೊಂದು, 1931ರಲ್ಲಿ ಅರುಂಧತೀಯರೆಂಬ ಹೆಸರಿನಲ್ಲಿ ಬೇರೆ ಸಂಘವನ್ನು ಕಟ್ಟಿಕೊಂಡರು. ಆ ನೋವು ಅಕಾರಣವಾದುದೆಂದು ನಾನು ಹೇಳಲಾರೆ. ಆದರೆ ಅದೇ 1931ರಲ್ಲಿ ಭಾಗ್ಯರೆಡ್ಡಿಯವರು ಹೊರಡಿಸಿದ ಭಾಗ್ಯನಗರ ಪತ್ರಿಕೆಯಲ್ಲಿ ತಾವೇ ಒಂದು ಕಥೆ ಬರೆದರು. ಅದರ ಹೆಸರು ವೆಟ್ಟಿ ಮಾದಿಗ. ವೆಟ್ಟಿ ಎಂದರೆ ಬಿಟ್ಟಿ ಬೇಗಾರಿ.

ಬುದ್ಧದೇವನಲ್ಲಿ ಅವರಿಗೆ ಅಪಾರ ಭಕ್ತಿ. 1913ರಷ್ಟು ಹಿಂದೆಯೇ ಹೈದರಾಬಾದಿನಲ್ಲಿ ಬುದ್ಧಜಯಂತಿಯನ್ನು ಆಚರಿಸಿದರು. 1939ನೆಯ ಫೆಬ್ರವರಿ 18ರಂದು, 51 ತುಂಬುವ ಮೊದಲೇ, ಅವರು ಕಾಲವಾದರು. ಬಾಲ್ಯದಲ್ಲಿ ಭಾಗಯ್ಯನೆನಿಸಿದ್ದ ಅವರ ಮಗನ ಹೆಸರು ಗೌತಮ.