ಘಟ್ಟದ ಮೇಲಿನ ಶಾಸಕ ಶಾಂತವೇರಿ ಗೋಪಾಲಗೌಡರು



ನಮ್ಮ ಊರಿನಲ್ಲಿ ಕೆಲವು ಗದ್ದೆಗಳಿಗೆ ಹಿರಿಯರು ಡಿಕ್ಲರೇಶನ್ ಗದ್ದೆ ಅಂತ ಹೇಳುವುದನ್ನು ನೀವೂ ಕೇಳಿರಬಹುದು. ನಮ್ಮ ಮನೆಯ ಎದುರಿನದ್ದೂ ಅಂಥದ್ದೇ. ಅಜ್ಜ ಅದನ್ನು ಮೊದಲು ಗೇಣಿಗೆ ಮಾಡುತ್ತಿದ್ದರಂತೆ. ಬೆಳೆ ಬರಲಿ, ಬಾರದಿರಲಿ, ಧಣಿಗಳ ಮನೆಗೆ ಅಕ್ಕಿ ಮುಡಿ ಹೋಗಲೇಬೇಕಿತ್ತು. ಗದ್ದೆ ನಮ್ಮದಾದದ್ದು ಹೇಗೆ ಎಂದು ಕೇಳುತ್ತಾ ಹೋದಾಗ ನನಗೆ ಘಟ್ಟದ ಮೇಲಿನ ಒಬ್ಬ ಶಾಸಕರ ಕತೆ ಸಿಕ್ಕಿತು.

ಉಡುಪಿ, ಮಣಿಪಾಲದ ಕಡೆಯಿಂದ ಹೊರಟ ಬಸ್ಸು ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುತ್ತದಲ್ಲ, ಆ ತೀರ್ಥಹಳ್ಳಿ ತಾಲೂಕಿನ ಆರಗ ಎಂಬ ಊರಿನಲ್ಲಿ 1923ರ ಮಾರ್ಚ್ 14ರಂದು ಗೋಪಾಲಗೌಡರು ಹುಟ್ಟಿದರು. ಬಡವರ ಮನೆ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಎದ್ದಾಗ ಅವರಿನ್ನೂ ವಿದ್ಯಾರ್ಥಿ. ಚಳವಳಿಗೆ ಇಳಿದು ಜೈಲು ಸೇರಿದರು. ಮುಂದೆ ಸಮಾಜವಾದಿ ಪಕ್ಷದವರಾದರು.

ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಸಣ್ಣ ಹಳ್ಳಿ ಉಂಟು. ಅಲ್ಲಿ ಗೇಣಿ ಭತ್ತ ಅಳೆಯುವಾಗ ಭೂಮಾಲೀಕರು ದೊಡ್ಡ ಕೊಳಗ ಇಡುತ್ತಿದ್ದರು. ಲೆಕ್ಕಕ್ಕೆ ಒಂದು ಕೊಳಗ, ಹೋಗುವುದು ಅದಕ್ಕಿಂತ ಹೆಚ್ಚು ಭತ್ತ! ರೈತ ಸಂಘ ಕಟ್ಟಿದ ಎಚ್. ಗಣಪತಿಯಪ್ಪನವರ ಜೊತೆ ಗೇಣಿದಾರರು ಇದು ಅನ್ಯಾಯ ಎಂದು ಎದ್ದು ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ಗುಂಪು ಗುಂಪಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನೊಂದು ಗುಂಪು. ಗೋಪಾಲಗೌಡರು ಈ ಹೋರಾಟದ ಮುಂದಾಳಾದರು. ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೆ ಒಳಗಾದರು.

ಮರುವರ್ಷ, 1952ರಲ್ಲಿ, ಮೊದಲ ಮಹಾಚುನಾವಣೆ. ಗೋಪಾಲಗೌಡರಿಗೆ ಇನ್ನೂ 30 ತುಂಬಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲ. ಆದರೂ ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣ ಅವರನ್ನು ಸೋಲಿಸಿ ಮೈಸೂರು ವಿಧಾನಸಭೆಗೆ ಹೋದರು. ಅವರು ಜನರ ಹತ್ತಿರ ಓಟಿನ ಜೊತೆ ಒಂದು ನೋಟನ್ನೂ ಕೇಳುತ್ತಿದ್ದರು. ಓಟಿಗೆ ದುಡ್ಡು ಹಂಚುವ ಸುದ್ದಿ ಕೇಳಿದ ನಮಗೆ ಇದು ಆಶ್ಚರ್ಯವೇ ಸರಿ.

ಆಗ ನಮ್ಮ ಉಡುಪಿ, ಕಾಪು, ಕಾರ್ಕಳ ಎಲ್ಲ ಮದರಾಸು ರಾಜ್ಯದಲ್ಲಿದ್ದವು. ಘಟ್ಟದ ಮೇಲೂ ಕನ್ನಡ, ಕೆಳಗೂ ಕನ್ನಡ, ಆದರೆ ವಿಧಾನಸಭೆ ಬೇರೆ ಬೇರೆ. 1956ರ ನವೆಂಬರ್ 1ರಂದು ಒಂದಾದೆವು. 1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. ಸುಮ್ಮನೆ ಕೂರಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಒಮ್ಮೆಯೂ ಮಂತ್ರಿಯಾಗಲಿಲ್ಲ, ಯಾವಾಗಲೂ ವಿರೋಧ ಪಕ್ಷದ ಸಾಲಿನಲ್ಲೇ ಕುಳಿತರು. ಅವರ ಪಕ್ಷದವರು ಅಲ್ಲಿ ಬಹಳ ಕಡಿಮೆ. ಆದರೂ ಎದ್ದು ನಿಂತರೆ ಸಭೆಯೇ ಕಿವಿಗೊಡುತ್ತಿತ್ತಂತೆ. ಉಳುವವನಿಗೆ ಭೂಮಿ, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, ಇವು ಅವರು ಬಿಡದೆ ಹಿಡಿದ ಮಾತುಗಳು.

ಕೊನೆಗೆ ಕಾಯಿಲೆ ಅವರನ್ನು ಬಿಡಲಿಲ್ಲ. 1972ರ ಜೂನ್ 9ರಂದು ತೀರಿಕೊಂಡರು. ಆಗ ಬರೀ 49 ವರ್ಷ.

ಬೇಸರದ ಸಂಗತಿ ಏನೆಂದರೆ, ಅವರು ಕೇಳಿದ್ದೆಲ್ಲ ಬಂದದ್ದು ಆಮೇಲೆ. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ದೇವರಾಜ ಅರಸರ ಸರಕಾರದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ನಮ್ಮ ಜಿಲ್ಲೆಯ ಗೇಣಿದಾರರು ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಎದುರು ಸಾಕ್ಷಿ ಹೇಳಿ, ತಾವು ಉಳುತ್ತಿದ್ದ ಗದ್ದೆ ಪಡೆದರು. ನಮ್ಮಜ್ಜನೂ ಹಾಗೇ.

ಇದೆಲ್ಲ ಒಬ್ಬರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಕಾನೂನು ಮಾಡಿದವರು ಬೇರೆ, ಜೈಲಿಗೆ ಹೋದ ರೈತರು ನೂರಾರು. ಆದರೆ ಬಿತ್ತಿದವರಲ್ಲಿ ಗೋಪಾಲಗೌಡರು ಒಬ್ಬರು. ಪೈರು ನೋಡುವ ಭಾಗ್ಯ ಅವರಿಗೆ ಇರಲಿಲ್ಲ, ಅಷ್ಟೆ.

ನಮ್ಮಜ್ಜ ಅವರನ್ನು ನೋಡಿದವರಲ್ಲ. ಆದರೂ ಈ ಸಲ ನಟ್ಟಿಗೆ ಗದ್ದೆಗೆ ಇಳಿದಾಗ ನನಗೆ ಅವರ ನೆನಪಾಯಿತು. ನಿಮ್ಮ ಮನೆಯ ಗದ್ದೆಯ ಕತೆಯನ್ನೂ ಹಿರಿಯರ ಹತ್ತಿರ ಕೇಳಿ ನೋಡಿ.